ಕುಂಕುಮದ ಪೊಟ್ಟಣದ ಮೇಲಿನ ಮುಖ

ಆ ಬೆಳಿಗ್ಗೆ ಉಚ್ಚೆಂಗೆಮ್ಮನವರ ಪಡಸಾಲೆಗೆ ಬಂದ ಹೆಂಗಸು ಸೆರಗಿನ ಮರೆಯಿಂದ ಒಂದು ಕುಂಕುಮದ ಪೊಟ್ಟಣ ತೆಗೆದು, ಅದರ ಮೇಲಿನ ಚಿತ್ರ ಕೆಳಗಾಗುವಂತೆ ಮೇಜಿನ ಮೇಲೆ ಮಗುಚಿ ಇಟ್ಟಳು. ಅವಳ ಹಣೆಯ ಮೇಲೆ ವಿಭೂತಿ ಮಾತ್ರ ಇತ್ತು. ವಿಧವೆಯೊಬ್ಬಳು ಟೀಚರಮ್ಮನಿಗೆ ಕುಂಕುಮದ ಕಾಣಿಕೆ ತಂದಿದ್ದಾಳೆ ಎಂದುಕೊಂಡು ನಾನು ಪೇಪರಿನಿಂದ ತಲೆ ಎತ್ತಿದೆ.

"ನಿಮ್ಮ ಸಾಲ್ಯಾಗ ಓದಿದಾಕಿರಿ, ಟೀಚರಮ್ಮಾರ. ಕುರುಗೋಡಿನ ಸುವರ್ಣಮ್ಮ."

"ಗೊತ್ತೈತಿ. ಲೆಕ್ಕದಾಗ ಮಂದ, ಹೊಲಿಗಿಯೊಳಗ ಶ್ಯಾಣ್ಯಾಕಿ. ಕುಂದ್ರು," ಎಂದರು ಉಚ್ಚೆಂಗೆಮ್ಮ.

ಉಚ್ಚೆಂಗೆಮ್ಮನವರು ಬಳ್ಳಾರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದು ನಿವೃತ್ತರಾದವರು. ಕೋಟೆ ಗುಡ್ಡದ ಬುಡದಲ್ಲಿದ್ದ ಅವರ ಮನೆಯ ಮುಂದಿನ ಭಾಗದಲ್ಲಿ ನಾನು ಬಾಡಿಗೆಗಿದ್ದೆ. ಕಾಲೇಜಿನಲ್ಲಿ ಚರಿತ್ರೆ ಕಲಿಸುವುದು ನನ್ನ ಕೆಲಸ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ನಾಚುವಂಥ ಸಂಗತಿಗಳನ್ನೆಲ್ಲ ಊರವರು ಆ ಪಡಸಾಲೆಗೆ ತರುತ್ತಿದ್ದರು. ಮೂವತ್ತು ವರ್ಷ ಹುಡುಗಿಯರ ಸುಳ್ಳು ಕೇಳಿದವರಿಗೆ ದೊಡ್ಡವರ ಸುಳ್ಳು ಹಿಡಿಯುವುದು ದೊಡ್ಡ ವಿದ್ಯೆಯಲ್ಲ ಎಂದು ಅವರೇ ಹೇಳುತ್ತಿದ್ದರು. ಇದು ಎಪ್ಪತ್ತೆರಡನೆಯ ಇಸವಿಯ ಮಾತು.

ಅವರು ಪೊಟ್ಟಣವನ್ನು ತಿರುಗಿಸಿದರು. 'ಮುತ್ತೈದೆ ಮಾರ್ಕ್ ಕುಂಕುಮ.' ಅಗ್ಗದ ಕಾಗದ, ಎರಡೇ ಬಣ್ಣದ ಅಚ್ಚು: ಕೆಂಪು ಮತ್ತು ಹಳದಿ. ಕೆಂಪು ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟ ಹೆಣ್ಣು. ಮೊಣಕೈ ಹತ್ತಿರ ಉರಿಯುವ ಒಂದು ದೀಪ. ಕೊರಳಲ್ಲಿ ಯಾವನೋ ಚಿತ್ರಗಾರ ಧಾರಾಳವಾಗಿ ಬರೆದ ಸರಗಳು. ಸರ, ದೀಪ ಎಲ್ಲ ಬಿಟ್ಟು ಮುಖವನ್ನಷ್ಟೇ ನೋಡಿದರೆ, ಎಡಗಲ್ಲದ ಗಾಯದ ಕಲೆ ಸಹಿತ, ಎದುರಿಗೆ ಕೂತಿದ್ದವಳೇ.

"ಮಾರಿ ನಂದ," ಎಂದಳು ಸುವರ್ಣಮ್ಮ. "ಉಳಿದದ್ದು ಯಾವುದೂ ನಂದಲ್ಲ. ಗಂಡನ ಊರು ಸಿರುಗುಪ್ಪದ ಅಂಗಡ್ಯಾಗೆಲ್ಲ ಇದನ್ನ ತೂಗುಹಾಕ್ಯಾರ. ಗಂಡ ಸತ್ತ ಮ್ಯಾಲೆ ಬಳ್ಳಾರಿಗೆ ಹೊಲಿಗಿ ಕಲಿಯಾಕ ಬರ್ತಿದ್ದೆ. ಆವಾಗ ಬೊಟ್ಟು ಇಟ್ಕೊಂಡು, ಯಾರಿಗೋ ಫೋಟೊಕ್ಕ ಕುಂತು, ಮಾರಿ ಮಾರಿಕೊಂಡಾಳ ಅಂತ ಭಾವ ಊರ ತುಂಬ ಹೇಳ್ಯಾನ. ನನ್ನ ತವರಿಗೆ ಅಟ್ಟ್ಯಾರ. ಮಗಳು ಶಿವಬಸವ್ವನ್ನ ಇಟ್ಕೊಂಡಾರ. ಸೋಮವಾರ ಮನ್ಯಾಗ ಹಿರಿಯರನ್ನ ಕೂಡಿಸ್ತಾರಂತ. ನಾ ಕೆಟ್ಟಾಕಿ ಅಂತ ತೀರ್ಮಾನ ಆದ್ರ ಕೂಸು ಅವರ ಪಾಲಿಗೆ."

"ಎಂದರ ಒಬ್ಬಾಕೇ ಫೋಟೊಕ್ಕ ಕುಂತಿದ್ದೇನು?"

"ನನ್ನ ಜೀವಮಾನದಾಗ ಫೋಟೊಕ್ಕ ಕುಂತದ್ದು ಒಮ್ಮೆ, ಮದುವಿ ದಿನ. ಆವತ್ತು ಅವರು ಬಾಜೂಕ ಇದ್ರು. ಇದರಾಗ ಎಲ್ಲ್ಯದಾರ ಅವರು?"

"ಆ ಮದುವಿ ಫೋಟೊ?"

"ಅವರು ತೀರಿಕೊಂಡಾಗ ಭಾವ ತಗೊಂಡು ಹೋದ. ಆಮ್ಯಾಲೆ ಕೇಳಿದ್ರ, ನೀರು ಬಿದ್ದು ಕೆಟ್ಟುಹೋತು ಅಂದ."

"ತೆಗೆದವರು ಯಾರು?"

"ಬ್ರೂಸ್‌ಪೇಟೆ ಗುಲ್‌ಷನ್ ಸ್ಟುಡಿಯೊದ ಸಾಬರು. ಕುರುಗೋಡಿಗೆ ಬಂದು ತಗದಿದ್ರು."

ಉಚ್ಚೆಂಗೆಮ್ಮ ಪೊಟ್ಟಣವನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಸೆರಗನ್ನೇ ಒಮ್ಮೆ ಎಳೆದು ನೋಡಿಕೊಂಡರು. ಸರಿಮಾಡಿಕೊಂಡರು ಎಂದು ನಾನು ಭಾವಿಸಿದೆ.

* * *

ಕುಂಕುಮದ ಯಜಮಾನ ಎರ್ರಣ್ಣನ ಅಂಗಡಿ ಬ್ರೂಸ್‌ಪೇಟೆಯಲ್ಲೇ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅವನ ಕೈ, ಅಂಗಿ, ಕಿವಿಯ ಹಾಲೆಗಳಿಗೆಲ್ಲ ಕುಂಕುಮ ಮೆತ್ತಿ, ಆಗತಾನೇ ಯಾರನ್ನೋ ಇರಿದು ಬಂದವನಂತೆ ಕಾಣುತ್ತಿದ್ದ. ಪತ್ತೇದಾರಿಗೆ ಹೊರಟವರಿಗೆ ಉತ್ಸಾಹ ಹುಟ್ಟಿಸುವ ನೋಟ.

"ಅದು ಫೋಟೊ ಅಲ್ಲಮ್ಮಾ, ಬರೆದ ಚಿತ್ರ," ಎಂದ. "ಅಚ್ಚಿಗೆ ಬ್ಲಾಕ್ ಮಾಡೋ ಮದ್ರಾಸಿನಾವ್ರು ತಮ್ಮ ಮನಸಿಂದ ಬರದು ಕೊಟ್ಟಾರ. ಯಾರದೋ ಮಾರಿ ಹೋಲತೈತಿ ಅಂದ್ರ ನಾ ಏನ್ ಮಾಡ್ಲಿ? ದೇವರು ಮಾಡಿದ ಮಾರಿಗಳಾ ಒಂದಕ್ಕೊಂದು ಹೋಲ್ತಾವ."

"ಆ ಹೆಣ್ಣುಮಗಳ ಎಡಗಲ್ಲದ ಮ್ಯಾಲೆ ಬಾವಿಕಟ್ಟಿಗೆ ಬಿದ್ದ ಗಾಯದ ಕಲೆ ಐತಿ. ನಿನ್ನ ಚಿತ್ರದಾಗೂ ಐತಿ. ಮದ್ರಾಸಿನವರು ಮನಸಿಂದ ಬರೀವಾಗ ಗಾಯ ಯಾಕ ಬರೀತಾರೋ ಎರ್ರಣ್ಣ?"

ಎರ್ರಣ್ಣ ತಕ್ಕಡಿ ಒರೆಸತೊಡಗಿದ. "ಸಿರುಗುಪ್ಪದಿಂದ ಮಾಲು ವಾಪಸ್ ಬರಾಕ ಹತ್ತೈತಿ. ಮುಂಡೆ ಮಾರಿ ಇರೋ ಕುಂಕುಮ ಯಾವ ಮುತ್ತೈದಿ ತಗೊಂತಾಳ್ರಿ? ಮೋಸ ಹೋದಾವ ನಾನು. ನನ್ನ ಕಡಿ ಇಂದ ಯಾರು ಕೇಳ್ತಾರ?"

"ಆಕಿನೂ ಅದನ್ನ ಕೇಳಾಕ ನನ್ನ ಹತ್ರ ಬಂದಾಳ," ಎಂದು ಉಚ್ಚೆಂಗೆಮ್ಮ ಹೊರಟರು.

ಗುಲ್‌ಷನ್ ಸ್ಟುಡಿಯೊ ಎಂಟು ಅಂಗಡಿ ಆಚೆ. ಅಬ್ದುಲ್ ಸಮದ್ ಸಾಹೇಬರು ಬೆಳಕಿನ ಕಿಟಕಿಯ ಕೆಳಗೆ ಕೂತು ಒಂದು ಫೋಟೊಕ್ಕೆ ಕುಂಚದಿಂದ ಬಣ್ಣ ಕೊಡುತ್ತಿದ್ದರು. ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗಿಂದ ದಪ್ಪ ಕಾಗದದ ತುಂಡು ತೆಗೆದು, ಅದರ ಬೆನ್ನಿಗೆ ಕುಂಚ ಹಚ್ಚಿ ಬಣ್ಣದ ಗಾಢತೆ ನೋಡಿ, ಮತ್ತೆ ಕೆಲಸಕ್ಕೆ ತೊಡಗುತ್ತಿದ್ದರು.

"ಖುದಾ ಕಸಂ, ಅಮ್ಮಾರ," ಎಂದರು ಪೊಟ್ಟಣ ನೋಡಿ. "ಈ ಹೆಣ್ಣುಮಗಳ ಒಂಟಿ ಫೋಟೊ ನಾ ತಗದಿಲ್ಲ. ಇಷ್ಟು ವರ್ಷದಾಗ ಒಬ್ಬರ ಫೋಟೊ ಇನ್ನೊಬ್ಬರಿಗೆ ಕೊಟ್ಟಿಲ್ಲ. ಅಂಗಡಿ ಮುಂದಿನ ಗಾಜಿನ ಪೆಟ್ಟಿಗ್ಯಾಗ ಹಾಕಾದಿದ್ರೂ ಗಂಡನ್ನೋ ಅಪ್ಪನ್ನೋ ಕೇಳಿ ಹಾಕ್ತೀನಿ. ಹೆಣ್ಣುಮಕ್ಕಳ ಇಜ್ಜತ್ ಅಂದ್ರ ನಮ್ಮ ಧಂಧೆಯ ಇಜ್ಜತ್."

"ಗಂಡನ್ನ, ಅಪ್ಪನ್ನ ಕೇಳ್ತೀರಿ."

"ಹೌದ್ರಿ. ಮತ್ತ್ಯಾರನ್ನ ಕೇಳಾದು?"

ಆ ಮನುಷ್ಯನ ಮುಖದಲ್ಲಿ ಸುಳ್ಳಿನ ಗುರುತೇ ಇರಲಿಲ್ಲ. ಎರ್ರಣ್ಣನೇ ಕಳ್ಳ ಎಂದು ನಾನು ಮನಸ್ಸಿನಲ್ಲೇ ಕೇಸು ಮುಗಿಸಿದೆ. ಉಚ್ಚೆಂಗೆಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿ ಕೈಯಾಡಿಸಿ, ನಾಲ್ಕಾರು ತುಂಡುಗಳನ್ನು ಮಗುಚಿ ನೋಡಿ, ಮತ್ತೆ ಮುಚ್ಚಳ ಹಾಕಿದರು. ಬೀದಿಗೆ ಬಂದೆವು.

"ಸಾಬರು ಖರೇ ಹೇಳಿದ್ರು ಅನಸತೈತಿ," ಎಂದೆ ನಾನು.

"ಪೂರಾ ಖರೇ ಹೇಳಿದ್ರು ಮಾಸ್ತರ. ಅದಾ ಕಷ್ಟ."

* * *

ಸಿರುಗುಪ್ಪದ ಮನೆ ಬಜಾರಿಗೆ ಮುಖಮಾಡಿತ್ತು. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ಬೀದಿಯ ಮೇಲೆಲ್ಲ ಕೂತಿತ್ತು. ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ, ಅದಕ್ಕೆ ಒತ್ತಿಕೊಂಡಂತೆ ಗೊಬ್ಬರದ ಚೀಲಗಳನ್ನು ಒಟ್ಟಿದ್ದರು. ಚೀಲಗಳಿಗೆ ಆಗಲೇ ಅಂಗಡಿಯ ಗತ್ತು ಬಂದಿತ್ತು.

ಸುವರ್ಣಮ್ಮನ ಭಾವ ಉಜ್ಜಿನಪ್ಪ ನಮ್ಮನ್ನು ಮರ್ಯಾದೆಯಿಂದಲೇ ಕೂಡಿಸಿದ. ಅವನ ತಾಯಿ ಸಾವಂತ್ರಮ್ಮ ಗೋಡೆಗೆ ಒರಗಿ ಕೂತಿದ್ದಳು. ಮೊಮ್ಮಗಳು ಅವಳ ತೊಡೆಯ ಮೇಲೆ ಮಲಗಿದ್ದಳು. ಎದುರು ಗೋಡೆಯ ಮೇಲೆ ಗಂಧದ ಹಾರ ಹಾಕಿದ ದೊಡ್ಡ ಫೋಟೊ: ತೀರಿಕೊಂಡ ತಮ್ಮ, ಸುವರ್ಣಮ್ಮನ ಗಂಡ ಕೊಟ್ಟೂರಪ್ಪ. ಪೇಟ ಸುತ್ತಿ, ಶಲ್ಯ ಹೊದ್ದು, ಕ್ಯಾಮೆರಾವನ್ನು ಸಾಲಗಾರನನ್ನು ನೋಡುವಂತೆ ನೋಡುತ್ತಿದ್ದ. ಅಂಥ ಗಂಭೀರ ಮನುಷ್ಯನ ಮೊಣಕೈ ಹತ್ತಿರ ಒಂದು ದಪ್ಪ ಗುಲಾಬಿ ಹೂವು ಅರಳಿದ್ದು ನನಗೆ ತಮಾಷೆ ಎನಿಸಿತು.

"ಮನಿ ಮರ್ಯಾದಿ ಪ್ರಶ್ನಿ ಟೀಚರಮ್ಮಾರ," ಎಂದ ಉಜ್ಜಿನಪ್ಪ. "ತಮ್ಮ ಸತ್ತ ಮ್ಯಾಲೂ ಆಕಿಗೆ ಏನ್ ಕಡಿಮಿ ಮಾಡಿದ್ವಿ? ಹೊಲಿಗಿ ಅಂದ್ಲು, ಕಳಿಸಿದ್ವಿ. ಅಲ್ಲಿ ಹೋಗಿ ಹಸರು ಸೀರಿ ಉಟ್ಟು, ಹಣಿ ತುಂಬ ಬೊಟ್ಟು ಬಡಕೊಂಡು ಫೋಟೊಕ್ಕ ಕುಂತ್ರ, ಯಾವ ಮಾರಿ ಇಟ್ಕೊಂಡು ನಾವು ಬಜಾರದಾಗ ಅಡ್ಡಾಡಾನ?"

"ನೀವು ಪೊಟ್ಟಣ ನೋಡೀರಿ?"

"ನೋಡೀನ್ರಿ. ಊರಾ ನೋಡೈತಿ."

"ನೋಡಿದ ಕೂಡಲೇ ಗುರುತು ಸಿಕ್ಕಿತು?"

"ಒಂದಾ ಮನ್ಯಾಗ ಇದ್ದಾಕಿ. ಗುರುತು ಸಿಗದಾ ಏನು?"

ಉಚ್ಚೆಂಗೆಮ್ಮ ಎದ್ದು ಗೋಡೆಯ ಫೋಟೊದ ಮುಂದೆ ನಿಂತರು. "ಚಂದ ಮಾಡಿಸೀರಿ. ಇದು ಎಲ್ಲಿಂದು?"

"ಬಳ್ಳಾರಿಂದು," ಎಂದ ಉಜ್ಜಿನಪ್ಪ ಚುಟುಕಾಗಿ.

ಹೊರಡುವಾಗ ಉಚ್ಚೆಂಗೆಮ್ಮ ಹೇಳಿದ್ದು ಒಂದೇ ಮಾತು. "ಸೋಮವಾರ ಹಿರಿಯರು ಕೂಡಿದಾಗ ನಾನೂ ಬರ್ತೀನಿ. ಜತಿಗೆ ಇಬ್ಬರನ್ನ ಕರಕೊಂಡು ಬರ್ತೀನಿ."

* * *

ಸೋಮವಾರ ಬಸ್ಸಿನಲ್ಲಿ ಎರ್ರಣ್ಣ ಮತ್ತು ಸಮದ್ ಸಾಹೇಬರು ಒಂದೇ ಸೀಟಿನಲ್ಲಿ ಕೂತೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಾಹೇಬರ ಮಡಿಲಲ್ಲಿ ಆ ಬಿಸ್ಕತ್ತಿನ ಡಬ್ಬಿ ಇತ್ತು. ಅದನ್ನು ಯಾಕೆ ತರಬೇಕೆಂದು ಅವರಿಗೂ ತಿಳಿದಿರಲಿಲ್ಲ. ಹಿಂದಿನ ಸಂಜೆ ಉಚ್ಚೆಂಗೆಮ್ಮ ಮತ್ತೆ ಎರ್ರಣ್ಣನ ಅಂಗಡಿಗೆ ಹೋಗಿ ಒಂದು ಲಕೋಟೆ ತಂದಿದ್ದರು. ಅದರಲ್ಲಿ ಏನಿದೆ ಎಂದು ನನಗೂ ಹೇಳಿರಲಿಲ್ಲ.

ಸಿರುಗುಪ್ಪದ ಮನೆಯಲ್ಲಿ ಮೂವರು ಹಿರಿಯರು ಜಮಖಾನದ ಮೇಲೆ ಕೂತಿದ್ದರು. ಸುವರ್ಣಮ್ಮ ಬಾಗಿಲ ಹತ್ತಿರ, ಒಳಗೂ ಅಲ್ಲ ಹೊರಗೂ ಅಲ್ಲ ಎನ್ನುವಂತೆ ಕೂತಿದ್ದಳು. ಮಗು ಅವಳ ಕಡೆ ಓಡಲು ನೋಡಿದಾಗ ಉಜ್ಜಿನಪ್ಪ ರಟ್ಟೆ ಹಿಡಿದು ತಡೆದ.

"ಮೊದಲು ಆ ಫೋಟೊ ಇಳಿಸ್ರಿ," ಎಂದರು ಉಚ್ಚೆಂಗೆಮ್ಮ.

"ಸತ್ತವನ ಫೋಟೊ ಯಾಕ್ರಿ?" ಉಜ್ಜಿನಪ್ಪ ಸೆಟೆದ.

"ಇಳಿಸೋ," ಎಂದಳು ಸಾವಂತ್ರಮ್ಮ. ಆ ಮನೆಯಲ್ಲಿ ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

ಉಚ್ಚೆಂಗೆಮ್ಮ ಫೋಟೊವನ್ನು ಗೋಡೆಗೆ ಆನಿಸಿ ಇಟ್ಟರು. ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಹಿಡಿದರು.

"ಈ ಪೊಟ್ಟಣದಾಗ ನಾ ಮೊದಲು ನೋಡಿದ್ದು ಮಾರಿ ಅಲ್ಲ, ಸೆರಗು. ನಾವು ಹೆಣ್ಣುಮಕ್ಕಳು ಕುಂತಾಗ ಸೆರಗು ಹೆಗಲಿಂದ ಸಡಿಲಾಗಿ ಇಳೀತೈತಿ. ಇದು ನೋಡ್ರಿ, ಹಗ್ಗ ಜಗ್ಗಿದಂಗ ಬಿಗಿಯಾಗಿ ಬಾಜೂಕ ಹೊಂಟೈತಿ. ಯಾರೋ ಎಳದಾರ. ಎಳದ ಜಾಗಾದಾಗ ಒಂದು ದೀಪ ಬರದಾರ. ಹೆಣ್ಣಿನ ಸೆರಗು ಹಂಗ ಬಿಗಿಯೋದು ಯಾವಾಗ?"

ಉತ್ತರ ಬಂದದ್ದು ಗೋಡೆಯ ಕಡೆಯಿಂದ.

"ಮದುವ್ಯಾಗ," ಎಂದಳು ಸಾವಂತ್ರಮ್ಮ. "ಸೆರಗಿಗೂ ಶಲ್ಯಕ್ಕೂ ಗಂಟು ಹಾಕಿದಾಗ."

"ಈಗ ಇವರನ್ನ ನೋಡ್ರಿ. ಕೊಟ್ಟೂರಪ್ಪನ ಶಲ್ಯನೂ ಬಿಗಿಯಾಗಿ ಬಾಜೂಕ ಹೊಂಟೈತಿ. ತುದಿಯಾಗ ಗುಲಾಬಿ. ಈ ಮನುಷ್ಯ ಬದುಕಿದ್ದಾಗ ಎಂದರ ಗುಲಾಬಿ ಹಿಡದಿದ್ನೇನು ಸುವರ್ಣಾ?"

"ಇಲ್ರಿ," ಎಂದಳು ಅವಳು. ಅಷ್ಟು ಹೊತ್ತಿಗೆ ಅವಳ ಕಣ್ಣು ತುಂಬಿತ್ತು.

ಉಚ್ಚೆಂಗೆಮ್ಮ ಲಕೋಟೆಯಿಂದ ಒಂದು ತುಂಡು ಫೋಟೊ ತೆಗೆದರು. ಕತ್ತರಿಯಿಂದ ನೇರವಾಗಿ ಸೀಳಿದ ಅಂಚು. ಎಳೆ ಮುಖದ ಸುವರ್ಣಮ್ಮ. ಅವಳ ಬಿಗಿದ ಸೆರಗಿನ ತುದಿಯಲ್ಲಿ, ಅಂಚಿಗೆ ಸರಿಯಾಗಿ, ಅರ್ಧ ಗಂಟು.

"ಇದು ಎರ್ರಣ್ಣನ ಹತ್ರ ಇತ್ತು. ಬ್ಲಾಕ್ ಮಾಡಿದವರು ವಾಪಸ್ ಕಳಿಸಿದ್ದು. ಉಳಿದ ಅರ್ಧ ಗಂಟು ಆ ಗುಲಾಬಿ ಕೆಳಗ ಐತಿ. ಒಂದಾ ಗಂಟು. ಗಂಡನ ಕಡಿ ಗುಲಾಬಿ ಆತು, ಹೆಂಡತಿ ಕಡಿ ದೀಪ ಆತು. ಈ ಫೋಟೊ ತಗದಾಗ ಸುವರ್ಣಮ್ಮನ ಗಂಡ ಈಕಿ ಬಾಜೂಕ ಕುಂತಿದ್ದ. ಹಣಿ ಮ್ಯಾಲಿನ ಕುಂಕುಮ ಕೊಟ್ಟೂರಪ್ಪ ಬದುಕಿದ್ದಾಗಿಂದು."

"ಹಂಗಾರ ಕೊಟ್ಟವರು ಯಾರು?" ಎಂದರು ಹಿರಿಯರಲ್ಲಿ ಒಬ್ಬರು, ಎರ್ರಣ್ಣನನ್ನು ನುಂಗುವಂತೆ ನೋಡುತ್ತ.

"ನಾನು ಕದ್ದಿಲ್ರೀ!" ಎರ್ರಣ್ಣ ಸಾಹೇಬರ ಕಡೆ ತಿರುಗಿದ. "ಲಕ್ಷಣವಾದ ಮುತ್ತೈದಿ ಮಾರಿ ಬೇಕು ಅಂದಾಗ, ಡಬ್ಬ್ಯಾಗ ಹುಡಿಕ್ಕೋ ಅಂದವರು ಇವರಾ."

ಸಮದ್ ಸಾಹೇಬರು ಡಬ್ಬಿಯ ಮೇಲೆ ಕೈಯಿಟ್ಟರು. "ಅದು... ಅದು ಫೋಟೊ ಅಲ್ಲಲ್ರಿ. ಕಟ್ ಪೀಸು."

ಉಚ್ಚೆಂಗೆಮ್ಮ ಡಬ್ಬಿ ತೆಗೆದುಕೊಂಡು ಜಮಖಾನದ ಮೇಲೆ ಬೋರಲು ಹಾಕಿದರು. ಒಂದರ ಮೇಲೊಂದು ಬಿದ್ದವು: ಬಾಸಿಂಗದ ಗುರುತು ಹಣೆಯ ಮೇಲೆ ಇನ್ನೂ ಮಾಸದವರು, ಮೂಗುತಿಯವರು, ನಾಚಿಕೊಂಡವರು, ನಗು ತಡೆದವರು. ಎಲ್ಲ ಹೆಂಗಸರೇ. ಬೆನ್ನ ಮೇಲೆಲ್ಲ ಕುಂಚ ಒರೆಸಿದ ಬಣ್ಣದ ಕಲೆ.

"ಸಾಬರು ಸುಳ್ಳು ಹೇಳಿಲ್ಲ," ಎಂದರು ಉಚ್ಚೆಂಗೆಮ್ಮ. "ಗಂಡ ಸತ್ತ ಮನಿಯವರು ಗ್ವಾಡಿಗೆ ಹಾಕಾಕ ಒಂಟಿ ಫೋಟೊ ಕೇಳ್ತಾರ. ಬದುಕಿದ್ದಾಗ ಒಂಟಿ ಫೋಟೊ ಯಾರು ತಗಸ್ತಾರ? ಮದುವಿ ಫೋಟೊನಾ ತಂದು ಕೊಡ್ತಾರ. ಸಾಬರು ಕತ್ತರಿಸಿ, ಗಂಡನ್ನ ದೊಡ್ಡದು ಮಾಡ್ತಾರ. ಉಳದ ಅರ್ಧ, ಬಟ್ಟಿ ಅಂಗಡ್ಯಾಗ ಉಳದ ತುಂಡಿನಂಗ, ಡಬ್ಬಿಗೆ ಹೋಗತೈತಿ. ಹೆಣ್ಣುಮಕ್ಕಳ ಫೋಟೊ ಯಾರಿಗೂ ಕೊಡಾದಿಲ್ಲ ಅಂತ ಖುದಾನ ಮ್ಯಾಲೆ ಆಣಿ ಮಾಡೋ ಮನುಷ್ಯನಿಗೆ, ಇವು ಹೆಣ್ಣುಮಕ್ಕಳ ಫೋಟೊ ಅಂತ ಹೊಳದಾ ಇಲ್ಲ."

ಸಾಹೇಬರು ಒಂದು ತುಂಡನ್ನು ಎತ್ತಿ ಅಂಗಿಯ ತುದಿಯಿಂದ ಅದರ ಬೆನ್ನ ಬಣ್ಣ ಒರೆಸತೊಡಗಿದರು. ಒಣಗಿದ ಬಣ್ಣ ಹೋಗಲಿಲ್ಲ.

"ಅಂದ್ರ ಯಾರದೂ ತಪ್ಪಿಲ್ಲ ಅಂದಂಗಾತು," ಎಂದು ಉಜ್ಜಿನಪ್ಪ ಎದ್ದ. "ಆತು ಬಿಡ್ರಿ. ತಿಳೀದಾ ಅಂದ್ವಿ..."

"ಕುಂದ್ರಪ್ಪ. ನಿನ್ನ ಪಾಳಿ ಈಗ ಬಂತು." ಉಚ್ಚೆಂಗೆಮ್ಮನವರದು ಈಗ ಶಾಲೆಯ ದನಿ. ಉಜ್ಜಿನಪ್ಪ ಮಾತ್ರವಲ್ಲ, ಹಿರಿಯರೂ ನೆಟ್ಟಗೆ ಕೂತರು. "ಪೊಟ್ಟಣದಾಗಿನ ಸೀರಿ ಯಾವ ಬಣ್ಣ?"

"ಕೆಂಪು," ಎಂದರು ಹಿರಿಯರು.

"ಈ ತುಂಡು ಫೋಟೊದಾಗ?"

"ಕಪ್ಪು ಬಿಳುಪು. ಬಣ್ಣ ಎಲ್ಲೈತಿ?"

"ಮೊನ್ನೆ ಉಜ್ಜಿನಪ್ಪ ನನಗ ಹೇಳಿದ, ಹಸರು ಸೀರಿ ಉಟ್ಟು ಫೋಟೊಕ್ಕ ಕುಂತಾಳ ಅಂತ. ಮಾಸ್ತರೂ ಕೇಳ್ಯಾರ."

ಕೇಳಿದ್ದೆ. ಕೇಳಿ ಮುಂದಕ್ಕೆ ಹೋಗಿದ್ದೆ. ತಲೆ ಆಡಿಸಿದೆ.

"ಕೆಂಪು ಅಚ್ಚು ನೋಡಿ ಹಸರು ಅಂತ ಯಾರು ಅಂತಾರ? ಆ ಸೀರಿ ಕಣ್ಣಾರೆ ಕಂಡವರು. ಪೊಟ್ಟಣ ನೋಡಿದ ಕೂಡಲೇ ಇವಗ ಗೊತ್ತಾಗೇತಿ, ಇದು ತಾನಾ ಸಾಬರಿಗೆ ಕೊಟ್ಟು, ಹೆಣ್ಣಿನ ಕಡಿ ಕತ್ತರಿಸಿ ಒಗಿರಿ ಅಂದ ಮದುವಿ ಫೋಟೊ ಅಂತ. ಗೊತ್ತಿದ್ದೂ ಬಾಯಿ ಮುಚ್ಚಿ, ಊರ ಬಾಯಿ ತಗಿಸ್ಯಾನ. ಫೋಟೊಕ್ಕ ನೀರು ಬಿತ್ತು ಅಂದದ್ದೂ ಇವನಾ. ಮುಂದಿನ ಕ್ವಾಣ್ಯಾಗ ಹೊಲಿಗಿ ಮಿಷನ್ ಇತ್ತು, ಈಗ ಗೊಬ್ಬರದ ಚೀಲ ಅದಾವ. ಅಂಗಡಿ ಇಡಾಕ ಜಾಗಾ ಬೇಕಿತ್ತು. ಆಕಿ ಹೋದ್ರ ಜಾಗಾ ತೆರವು."

"ಸುಳ್ಳು! ಧಾರಿ ಸೀರಿ ಹಸರು ಇತ್ತು ಅಂತ ಎಲ್ಲಿ ಬರದೈತಿ?"

"ಬರದಿಲ್ಲೋ," ಎಂದಳು ಸಾವಂತ್ರಮ್ಮ ಮೆಲ್ಲಗೆ. "ನಾ ತಂದಿದ್ದೆ. ಹಸರಾ ಇತ್ತು. ಟ್ರಂಕಿನ್ಯಾಗ ಐತಿ, ತರಲೇನು?"

ಮಗುವಿನ ರಟ್ಟೆ ಹಿಡಿದಿದ್ದ ಉಜ್ಜಿನಪ್ಪನ ಕೈ ಸಡಿಲಾಗಿತ್ತು. ಶಿವಬಸವ್ವ ಜಮಖಾನದ ಮೇಲೆ ಹರಡಿದ ಹೆಂಗಸರನ್ನು ತುಳಿಯದಂತೆ ಹುಷಾರಾಗಿ ಹೆಜ್ಜೆ ಇಡುತ್ತ ತಾಯಿಯ ಹತ್ತಿರ ಹೋದಳು.

ಹಿರಿಯರು ತೀರ್ಮಾನ ಹೇಳಲು ಗಂಟಲು ಸರಿಮಾಡಿಕೊಂಡರು. ಮಗು ತಾಯಿಗೆ, ಕೋಣೆ ಹೊಲಿಗೆ ಯಂತ್ರಕ್ಕೆ, ಉಜ್ಜಿನಪ್ಪ ಎಲ್ಲರೆದುರು ತಪ್ಪಾಯಿತು ಎನ್ನಬೇಕು. ಎರ್ರಣ್ಣ ಪೊಟ್ಟಣಗಳನ್ನೆಲ್ಲ ಸುಡಬೇಕು. ಎಲ್ಲ ನ್ಯಾಯವಾಗಿಯೇ ಇತ್ತು.

"ಒಂದು ಉಳೀತು," ಎಂದರು ಉಚ್ಚೆಂಗೆಮ್ಮ. "ಫೋಟೊ ಕತ್ತರಿಸಾಕ ಉಜ್ಜಿನಪ್ಪನ್ನ ಕೇಳಿದ್ರಿ. ಡಬ್ಬಿಗೆ ಹಾಕಾಕ ಯಾರನ್ನೂ ಕೇಳಲಿಲ್ಲ. ಅಚ್ಚು ಹಾಕಾಕ ಸಾಬರನ್ನ ಕೇಳಿದ್ರಿ. ಈಗ ಸುಡಾಕ ಹಿರಿಯರನ್ನ ಕೇಳಾಕತ್ತೀರಿ. ಆಕಿ ಇಲ್ಲೇ ಕುಂತಾಳ."

ಎಲ್ಲರೂ ಸುವರ್ಣಮ್ಮನ ಕಡೆ ತಿರುಗಿದರು. ಅವಳು ಮಗಳ ತಲೆ ಸವರಿದಳು.

"ಪೊಟ್ಟಣ ನಿಲ್ಲಿಸ್ರಿ. ಅದರಾಗಿನ ಸರ, ದೀಪ ನನ್ನವಲ್ಲ," ಎಂದಳು. "ಆದ್ರ ಆ ಅರ್ಧ ಸುಡಬ್ಯಾಡ್ರಿ. ಸಾಬರ, ಗುಲಾಬಿ ತಗದು, ಎರಡೂ ಕೂಡಿಸಿ ಕೊಡ್ರಿ. ಗ್ವಾಡಿಗೆ ಅದನ್ನ ಹಾಕ್ತೀನಿ. ಆವತ್ತು ಅವರು ಒಬ್ಬರಾ ಕುಂತಿರಲಿಲ್ಲ."

* * *

ವಾಪಸು ಬರುವಾಗ ಬಸ್ಸಿನಲ್ಲಿ ಸಾಹೇಬರು ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದರು. ಸಿರಿಗೇರಿ ಕ್ರಾಸ್ ದಾಟಿದ ಮೇಲೆ ಬಾಯಿಬಿಟ್ಟರು.

"ಇವನ್ನೆಲ್ಲ ಅವರವರ ಮನಿಗೆ ಮುಟ್ಟಸ್ತೀನಿ ಅಮ್ಮಾರ. ಮುಂದ ಏನ್ ಮಾಡ್ಲಿ?"

"ಫೋಟೊ ಯಾವ ಕೆಲಸಕ್ಕ ಹೋಗತೈತಿ ಅಂತ ಒಂದು ಕಾಗದದಾಗ ಬರೀರಿ. ಮಾರಿ ಯಾರದೋ ಅವರಿಗಾ ಓದಿ ಹೇಳಿ, ಸಹಿ ಹಾಕಿಸ್ಕೋರಿ. ಬರಿಯಾಕ ಬಾರದವರದು ಹೆಬ್ಬಟ್ಟು. ಗಂಡಂದಲ್ಲ, ಭಾವಂದಲ್ಲ."

"ಹಳ್ಳಿ ಮಂದಿ ಸಹಿ ಅಂದ್ರ ಓಡಿಹೋಗ್ತಾರ್ರಿ! ಆಸ್ತಿ ಬರಸ್ಕೊಂತಾನ ಸಾಬ ಅಂತಾರ."

"ಮಾರಿ ಆಸ್ತಿ ಅಲ್ಲೇನು?" ಎಂದರು ಉಚ್ಚೆಂಗೆಮ್ಮ ಕಿಟಕಿಯ ಹೊರಗೆ ನೋಡುತ್ತ. "ಅಂಥಾದೊಂದು ಕಾಗದ ಇದ್ದಿದ್ರ ಆಕಿ ನನ್ನ ಹತ್ರ ಬಸ್ಸು ಹತ್ತಿ ಬರಾದು ತಪ್ಪತಿತ್ತು. ನಿಮಗೂ ಆಣಿ ಮಾಡಾದು ತಪ್ಪತಿತ್ತು. ಯಾವತ್ತು ತಗದದ್ದು, ಯಾಕ ತಗದದ್ದು ಅಂತ ಅದಾ ಹೇಳತಿತ್ತು."

ಗುಲ್‌ಷನ್ ಸ್ಟುಡಿಯೊದಲ್ಲಿ ಆಮೇಲೆ ಸಹಿ ಇಲ್ಲದೆ ಒಂದು ಫೋಟೊವೂ ಗಾಜಿನ ಪೆಟ್ಟಿಗೆ ಏರಲಿಲ್ಲ. ಬ್ರೂಸ್‌ಪೇಟೆಯವರು ಅದಕ್ಕೆ ರಿಜಿಸ್ಟ್ರಾರ್ ಆಫೀಸು ಎಂದು ಹೆಸರಿಟ್ಟು ನಕ್ಕರು. ಎರ್ರಣ್ಣನ ಹೊಸ ಪೊಟ್ಟಣದ ಮೇಲೆ ಒಂದು ಆಕಳು ಬಂತು. ಅದನ್ನು ಯಾರೂ ಗುರುತು ಹಿಡಿಯಲಿಲ್ಲ.

ಈ ಕತೆ ಬರೆದಾದ ಮೇಲೆ ನಾನು ಸಿರುಗುಪ್ಪಕ್ಕೆ ಹೋದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಗೋಡೆಯ ಮೇಲೆ ಇಬ್ಬರೂ ಇದ್ದರು. ನಡುವೆ ಕತ್ತರಿಯ ಗೆರೆ ಸಣ್ಣಗೆ ಕಾಣುತ್ತಿತ್ತು, ಗಂಟು ಮಾತ್ರ ಪೂರ್ತಿಯಾಗಿತ್ತು. ಸುವರ್ಣಮ್ಮ ಯಂತ್ರ ನಿಲ್ಲಿಸಿ, ಮೊದಲಿನಿಂದ ಕೊನೆಯವರೆಗೂ ಓದಿಸಿಕೊಂಡು ಕೇಳಿದಳು. ಒಂದು ಕಡೆ ನಕ್ಕಳು. ಒಂದು ಕಡೆ, "ಈ ಮಾತೊಂದು ಬ್ಯಾಡ್ರಿ ಮಾಸ್ತರ," ಎಂದಳು.

ತೆಗೆದೆ. ಅವಳು ನೂಲು ಕಚ್ಚಿ ಹರಿದು, ಕೈ ಒರೆಸಿಕೊಂಡು, ಕತೆಯ ಕೆಳಗೆ ಸಹಿ ಹಾಕಿದಳು. ಅದು ಯಾವ ಮಾತು ಎಂದು ಇಲ್ಲಿ ಹೇಳಿದರೆ ತೆಗೆದಂತಾಗುವುದಿಲ್ಲ.